ಲ್ಯಾಪ್‌ಟಾಪಿನ ಹಣೆಗೆ ಬೊಟ್ಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಸ ಲ್ಯಾಪ್‌ಟಾಪಿನ ಕ್ಯಾಮೆರಾ ಮೇಲೆ ಕುಂಕುಮ ಇಟ್ಟವನು ನಾನೇ. ಅವ್ವನ ಮೇಲೆ ಹಾಕಬಹುದಿತ್ತು, ಎಲ್ಲರೂ ನಂಬುತ್ತಿದ್ದರು. ಆದರೆ ಇಟ್ಟದ್ದು ನಾನು. ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿ, ಅದರ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ, ದೇವರ ಫೋಟೊಗಳ ಸಾಲಿನಲ್ಲೇ ನೇತುಹಾಕಿಕೊಂಡಿರುವ ನಾನು. ಇಟ್ಟದ್ದೂ ಸಾಲದೆ ‘ಕ್ಯಾಮೆರಾ ಸತ್ತುಹೋಗಿದೆ, ಕಂಪನಿಯವರು ಮೋಸ ಮಾಡಿದ್ದಾರೆ’ ಎಂದು ಮೂರು ದಿನ ಊರೆಲ್ಲ ಸಾರಿ, ಮಂಡ್ಯದ ಅಂಗಡಿಯಲ್ಲಿ ಕೂಗಾಡಿ, ಮದ್ದೂರಿನವರೆಗೂ ಹೋಗಿ ಬಂದೆ. ಆ ಮೂರೂ ದಿನ ಕುಂಕುಮ ನನ್ನ ಮೂಗಿನ ಮುಂದೆಯೇ ಇತ್ತು. ಅಷ್ಟೇ ಅಲ್ಲ, ಅದು ಅಳಿಸಿಹೋಗದ ಹಾಗೆ ಲ್ಯಾಪ್‌ಟಾಪಿಗೆ ಟವೆಲ್ ಸುತ್ತಿ, ಮಗುವಿನ ಹಾಗೆ ಎದೆಗೊತ್ತಿಕೊಂಡು ಓಡಾಡುತ್ತಿದ್ದೆ.

ಲ್ಯಾಪ್‌ಟಾಪು ನನ್ನದಾಗಿದ್ದರೆ ಈ ಕಥೆಯನ್ನು ಕಟ್ಟೆಯ ಮೇಲೆ ಕೂತು ನಗುತ್ತಾ ಹೇಳಿ ಮುಗಿಸಬಹುದಿತ್ತು. ಅದು ಅಕ್ಕನದು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಗಣಿತ ಓದಿ, ಬಿ.ಎಡ್. ಮುಗಿಸಿ, ಎರಡು ವರ್ಷದಿಂದ ಭಾರತೀನಗರದ ಸುತ್ತಮುತ್ತಲ ಶಾಲೆಗಳಲ್ಲಿ ಹೆರಿಗೆ ರಜೆಗೆ ಹೋದ ಟೀಚರುಗಳ ಬದಲಿಗೆ ಪಾಠ ಮಾಡುತ್ತಿದ್ದಳು. ಯಾರಿಗೋ ಮಗು ಹುಟ್ಟಿದರೆ ಇವಳಿಗೆ ಕೆಲಸ; ಆ ಮಗು ಬೋರಲು ಬಿದ್ದು ತೆವಳುವ ಹೊತ್ತಿಗೆ ಇವಳು ವಾಪಸ್ ಮನೆಗೆ. ಮಕ್ಕಳ ಹೆಸರೆಲ್ಲ ಬಾಯಿಗೆ ಬಂದ ವಾರವೇ ಹಾಜರಿ ಪುಸ್ತಕ ಕೊಟ್ಟು ಬರಬೇಕಾಗುತ್ತಿತ್ತು.

“ನಂದೇ ಅಂತ ಒಂದ್ ಕ್ಲಾಸ್ ಬೇಕು ಕಣ್ಲಾ,” ಎಂದು ಒಂದು ದಿನ ಅವರೆಕಾಯಿ ಸುಲಿಯುತ್ತಾ ಹೇಳಿದ್ದಳು. “ಜೂನಲ್ಲಿ ಇಡ್ಕಂಡ್ರೆ ಏಪ್ರಿಲ್‌ಗಂಟ ಯಾರೂ ಬಂದು ಕಿತ್ಕೋಬಾರ್ದು. ಅಷ್ಟೇಯ.”

ಮಳವಳ್ಳಿ ಕಡೆಯ ಒಂದು ವಸತಿ ಶಾಲೆಯಲ್ಲಿ ಅಂಥ ಕೆಲಸ ಖಾಲಿ ಇತ್ತು. ಕೊನೆಗೆ ಆರು ಜನರನ್ನು ಆರಿಸಿದ್ದರು, ಅದರಲ್ಲಿ ಅಕ್ಕನೂ ಒಬ್ಬಳು. ಶುಕ್ರವಾರ ಹನ್ನೊಂದು ಗಂಟೆಗೆ ಆನ್‌ಲೈನಿನಲ್ಲಿ ನಲವತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ನಮ್ಮೂರಿಂದ ಮಳವಳ್ಳಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹೋಗಿ ಎದುರಿಗೇ ನಿಂತು ಮಾಡಬಹುದಿತ್ತು. ಆದರೆ ಶಾಲೆ ನಡೆಸುವವರು ಬೇರೆ ಬೇರೆ ಊರಲ್ಲಿ ಇದ್ದಾರಂತೆ, ಎಲ್ಲರೂ ಸ್ಕ್ರೀನಿನಲ್ಲೇ ಸೇರುವುದಂತೆ. ಜೊತೆಗೆ ಒಂದು ಷರತ್ತು: ಫೋನು ನಡೆಯುವುದಿಲ್ಲ. ಅಲ್ಲಿ ಕಂಪ್ಯೂಟರಿನಲ್ಲೇ ಪಾಠ ಮಾಡಬೇಕಾದ್ದರಿಂದ ಈಗಲೂ ಕಂಪ್ಯೂಟರಿನಲ್ಲೇ ಮಾಡಬೇಕು, ಮುಖ ಕಾಣಬೇಕು, ಸ್ಕ್ರೀನಿನ ಮೇಲೆ ಬರೆದು ತೋರಿಸಬೇಕು.

ಹಾಗಾಗಿ ಲ್ಯಾಪ್‌ಟಾಪು ಬೇಕಾಯಿತು. ಅಕ್ಕ ತನ್ನ ಗೆಳತಿಯನ್ನು ಕೇಳಿ, ಯಾವುದು ತರಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಆ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಸೋಮವಾರ ಬೆಳಿಗ್ಗೆ ಮಂಡ್ಯಕ್ಕೆ ಹೋದವನು ನಾನು. ಮನೆಯಲ್ಲಿ ಬೇರೆ ಯಾರಿಗೂ ಕಂಪ್ಯೂಟರ್ ಗೊತ್ತಿಲ್ಲ ಎಂಬುದು ಒಂದು ಕಾರಣ. ನನಗೂ ಗೊತ್ತಿಲ್ಲ ಎಂಬುದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಚೀಟಿ ತೆಗೆಯುವ ಮೊದಲೇ ಮೂಲೆಯಲ್ಲಿದ್ದ ಒಂದು ಹೆಸರು ಕಣ್ಣಿಗೆ ಬಿತ್ತು. ನನ್ನ ಬಳಿ ವಕೀಲರಿಲ್ಲ, ಅದಕ್ಕೆ ಆ ಹೆಸರು ಹೇಳುವುದಿಲ್ಲ. ನಾನು ಹುಟ್ಟುವ ಮೊದಲು ನಮ್ಮ ಮನೆಗೆ ಬಂದ ಟಿವಿ ಆ ಕಂಪನಿಯದೇ. ಮುಂದೆ ಎರಡು ಮರದ ಬಾಗಿಲು, ಅದಕ್ಕೊಂದು ಬೀಗ. ಬೀದಿಯ ಜನವೆಲ್ಲ ನಮ್ಮ ಹಜಾರದಲ್ಲಿ ಕೂತು ನೋಡುತ್ತಿದ್ದ ಟಿವಿ. ಒಂದು ಸಲ ಮೇಲಿಂದ ಬೆಕ್ಕು ಬಿದ್ದು ಬೆಕ್ಕೇ ಕುಂಟಾಯಿತು, ಟಿವಿ ಹಾಡುತ್ತಲೇ ಇತ್ತು. ಕೊನೆಗೂ ಅದು ಕೆಡಲಿಲ್ಲ; ನಾವೇ ನಾಚಿಕೊಂಡು ಅಟ್ಟಕ್ಕೆ ಹಾಕಿದೆವು. ಅಪ್ಪನ ಪ್ರಕಾರ ಪ್ರಪಂಚದಲ್ಲಿ ಆಡಿದ ಮಾತಿಗೆ ತಪ್ಪದವರು ಇಬ್ಬರೇ: ನಮ್ಮ ಅಜ್ಜ ಮತ್ತು ಆ ಕಂಪನಿ. ಇಬ್ಬರೂ ಹೋಗಿ ಬಹಳ ಕಾಲವಾಗಿತ್ತು. ಈಗ ನೋಡಿದರೆ ಕಂಪನಿ ಎದ್ದು ಬಂದು ಲ್ಯಾಪ್‌ಟಾಪಿನ ಬೆನ್ನ ಮೇಲೆ ಕೂತಿದೆ.

“ಅಣ್ಣ, ಇದು ಆ ಟಿವಿ ಕಂಪ್ನಿನೇನಾ?” ಎಂದು ಕೇಳಿದೆ.

“ಅದೇ ಕಣಪ್ಪ. ತಿರ್ಗಾ ಬಂದವ್ರೆ,” ಎಂದ ಅಂಗಡಿಯವನು.

“ಅದೇ ಜನಾನಾ?”

“ಜನ ಬ್ಯಾರೆ. ಎಸ್ರು ತಕಂಡವ್ರೆ.”

“ಫ್ಯಾಕ್ಟ್ರಿ?”

“ಅದೂ ಬ್ಯಾರೆ. ಎಲ್ಲೋ ಒರಗಡೆ ಮಾಡುಸ್ತಾರೆ.”

“ಮತ್ತಿನ್ನೇನಣ್ಣ ಅದೇ?”

“ಎಸ್ರು ಅದೇ ಕಣಪ್ಪ. ಅಕ್ಷರಾನೂ ಅದೇ ನೋಡು, ಕೆಳಗಿನ ಕೆಂಪು ಗೆರೆ ಸಮೇತ!”

ಇದಕ್ಕಿಂತ ಸತ್ಯವನ್ನು ಯಾವ ವ್ಯಾಪಾರಿಯೂ ಹೇಳುವುದಿಲ್ಲ. ಹರಿಶ್ಚಂದ್ರನ ಮೊಮ್ಮಗನಂಥ ಆ ಮನುಷ್ಯನ ಅಂಗಡಿಯ ಮುಂದೆ ಎರಡೇ ದಿನಕ್ಕೆ ನಿಂತು ‘ಮೋಸಗಾರ’ ಎಂದು ಕೂಗಿದವನು ನಾನು. ಅವತ್ತು ಮಾತ್ರ ಆ ಕೆಂಪು ಗೆರೆ ನೋಡಿ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬೆಲೆಯೂ ಚೀಟಿಯಲ್ಲಿ ಇದ್ದದ್ದಕ್ಕಿಂತ ಕಡಿಮೆ. ಚೀಟಿ ಜೇಬಲ್ಲೇ ಉಳಿಯಿತು. ಆಮೇಲೆ ಅದು ಪ್ಯಾಂಟಿನ ಜೊತೆ ಒಗೆತಕ್ಕೆ ಹೋಯಿತು.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದೆವು. ಪೆಟ್ಟಿಗೆಯ ಬಗ್ಗೆ ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಒಳ್ಳೆಯ ಸಾಕ್ಷಿ ಹೇಳುತ್ತೇನೆ. ಅಷ್ಟು ಗಟ್ಟಿ. ಈಗಲೂ ಅವ್ವ ಅದರಲ್ಲಿ ಬೆಳ್ಳುಳ್ಳಿ ಇಡುತ್ತಾಳೆ. ಒಳಗಿನ ವಸ್ತುವನ್ನು ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು, ಹೆಸರಿನ ಮೇಲೆ ಬೆರಳಾಡಿಸಿ, “ಬಂದ್ರಪ್ಪ ಮನ್ಸ್ರು,” ಎಂದರು, ಮುನಿಸಿಕೊಂಡು ಹೋಗಿದ್ದ ನೆಂಟರು ಬಾಗಿಲಿಗೆ ಬಂದು ನಿಂತ ಹಾಗೆ.

ಮುಚ್ಚಳ ತೆಗೆಯಲು ಹೋದರೆ ಇಡೀ ಲ್ಯಾಪ್‌ಟಾಪೇ ಮೇಲೆದ್ದು ಬಂತು. ಒಬ್ಬರು ಬುಡ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಮೇಲಕ್ಕೆ ಎಳೆಯಬೇಕು, ಕರುವಿಗೆ ಔಷಧಿ ಕುಡಿಸುವಾಗ ಬಾಯಿ ಬಿಡಿಸುವ ಹಾಗೆ. ಮುಚ್ಚಳ ಹಪ್ಪಳದಂತೆ ಬಾಗಿತು. ಗುಂಡಿ ಒತ್ತಿದೆ. ಹೆಸರು ಬಂತು, ಕೆಂಪು ಗೆರೆ ಬಂತು, ಒಂದು ಸಣ್ಣ ಸಂಗೀತವೂ ಬಂತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಅವ್ವ ಎದ್ದು ಹೋಗಿ ಮುದ್ದೆಗೆ ಎಸರಿಟ್ಟು, ಹಿಟ್ಟು ಹಾಕಿ, ತೊಳಸಿ ಇಳಿಸಿ ಬಂದು, “ಇನ್ನೂ ಬರ್ನಿಲ್ವ?” ಎಂದಳು.

ಬಂದ ಮೇಲಾದರೂ ಏನು? ಸ್ಕ್ರೀನಿನ ನಟ್ಟನಡುವೆ ಕೂತವನಿಗೆ ಮಾತ್ರ ಚಿತ್ರ ಕಾಣುತ್ತಿತ್ತು. ಪಕ್ಕಕ್ಕೆ ಅರ್ಧ ಅಡಿ ಸರಿದರೆ ಎಲ್ಲವೂ ಎಮ್ಮೆ ಬಣ್ಣ. ಹಾಗಾಗಿ ನಾಲ್ಕೂ ಜನ ಒಬ್ಬರ ಬೆನ್ನಿಗೊಬ್ಬರು, ರೈಲುಬಂಡಿಯಾಟದ ಮಕ್ಕಳ ಹಾಗೆ ಸಾಲಾಗಿ ಕೂತೆವು. ಕೀಲಿಗಳಲ್ಲಿ ಒಂದನ್ನು ಒತ್ತಿದರೆ ಅಕ್ಕಪಕ್ಕದ ನಾಲ್ಕು ಕೂಡ ದುಃಖದಲ್ಲಿ ಕುಸಿಯುತ್ತಿದ್ದವು. ಸ್ಪೀಕರು ಇದ್ದದ್ದು ಹೊಟ್ಟೆಯ ಕೆಳಗೆ. ಚಾಪೆಯ ಮೇಲಿಟ್ಟರೆ ಕಂಬಳಿ ಹೊದ್ದು ಮಾತಾಡುವವರ ದನಿ. ಐದು ನಿಮಿಷಕ್ಕೆ ಒಳಗಿನ ಫ್ಯಾನು ಬರ್‍ರೆಂದು ಶುರುವಾಯಿತು.

“ಇದ್ಯಾಕ್ಲಾ ಇಂಗೆ ಏದುಸ್ರು ಬುಡ್ತದೆ?” ಎಂದರು ಸಾಲಿನ ಕೊನೆಯಲ್ಲಿದ್ದ ಅಪ್ಪ. “ಇನ್ನೂ ಒಂದ್ ಕೆಲ್ಸಾನೂ ಏಳ್ನಿಲ್ವಲ್ಲ.”

“ಅದು ಕೂಲಿಂಗ್ ಸಿಸ್ಟಮ್ ಅಪ್ಪಾಜಿ. ಹೊಸ ಟೆಕ್ನಾಲಜಿ.”

ಸಾಲಿನ ಮುಂದಿದ್ದ ಅಕ್ಕ ತಿರುಗಿ ನೋಡಿದಳು. “ಲೇ, ಚೀಟೀಲಿ ಬರ್ಕೊಟ್ಟಿದ್ದು ಇದಾ?”

“ಅದ್ರಪ್ಪನಂತದ್ದು ಕಣಕ್ಕ ಇದು. ಸುಮ್ಕಿರು.”

ಅವಳು ನಂಬಿದಳು. ನಾನು ಅವಳ ತಮ್ಮ, ಸರ್ಟಿಫಿಕೇಟ್ ಬೇರೆ ಗೋಡೆಯ ಮೇಲೆ ಇತ್ತು.

ನಮ್ಮ ಮನೆಯಲ್ಲಿ ಹೊಸದಾಗಿ ಬಂದದ್ದು ಯಾವುದಾದರೂ ಪೂಜೆಯಾಗದೆ ಕೆಲಸಕ್ಕೆ ಇಳಿಯುವಂತಿಲ್ಲ. ಪಂಪ್‌ಸೆಟ್ಟು, ಬೈಕು, ಮಿಕ್ಸಿ, ಅಪ್ಪನ ಹಲ್ಲಿನ ಸೆಟ್ಟು, ಎಲ್ಲಕ್ಕೂ ಆಗಿದೆ. ಅವ್ವ ಹೂವು, ಅಕ್ಷತೆ, ಗಂಧದಲ್ಲಿ ಕಲಸಿದ ಕುಂಕುಮ ಎಲ್ಲ ತಟ್ಟೆಯಲ್ಲಿಟ್ಟುಕೊಂಡು ಬಂದು ಕೀಲಿಗಳ ಮೇಲೆ ಕೈಯಿಡಲು ಹೋದಳು. ಅಲ್ಲಿ ನನ್ನ ವಿದ್ಯೆ ಅಡ್ಡಬಂತು.

“ಅವ್ವ, ಅಲ್ಲಿ ಬ್ಯಾಡ! ಒಳಗಡೆ ಪಾರ್ಟ್ಸ್ ಅವೆ. ಕೊಡಿಲ್ಲಿ, ನಾನ್ ಮಡುಗ್ತೀನಿ.”

ತಟ್ಟೆ ಇಸಿದುಕೊಂಡು, ಒಂದು ಪಾರ್ಟೂ ಇಲ್ಲದ ಜಾಗ ಯಾವುದೆಂದು ಎಂಜಿನಿಯರಿನ ಹಾಗೆ ಸುತ್ತ ನೋಡಿದೆ. ಸ್ಕ್ರೀನಿನ ಮೇಲ್ಗಡೆ, ಕಪ್ಪು ಪಟ್ಟಿಯ ನಟ್ಟನಡುವೆ, ಹಣೆಯ ಹಾಗೆ ಬೋಳಾಗಿತ್ತು. ಅಲ್ಲಿ ದುಂಡಗೆ, ಅಂದವಾಗಿ, ಹೆಬ್ಬೆರಳಿನಲ್ಲಿ ಒತ್ತಿ ಬೊಟ್ಟಿಟ್ಟೆ. ಗಂಧ ಒಣಗಿ ಗಾರೆಯಂತೆ ಗಟ್ಟಿಯಾಯಿತು.

“ಒರುಸ್ಬೇಡಿ ಕಣ್ರಪ್ಪಾ,” ಎಂದಳು ಅವ್ವ. “ತಾನಾಗೇ ಉದುರ್ಬೇಕು. ನಾವಾಗಿ ಅಳ್ಸುದ್ರೆ ಒಳ್ಳೇದಲ್ಲ.”

ಮಂಗಳವಾರ ಬೆಳಿಗ್ಗೆ ಅಕ್ಕ ಅಭ್ಯಾಸಕ್ಕೆ ಕೂತಳು. ಅವಳ ಮುಖ ಬರಬೇಕಾದ ಚೌಕದಲ್ಲಿ ಕೆಂಪು ಬೆರೆತ ಕತ್ತಲೆ. ಕ್ಯಾಮೆರಾ ಹಾಕಿದಾಗ ಬೊಟ್ಟಿನ ಪಕ್ಕದಲ್ಲಿ ಒಂದು ಬಿಳಿ ಚುಕ್ಕೆ ಮಿಣಿಮಿಣಿ ಎನ್ನುತ್ತಿತ್ತು. ಅದೇ ಕ್ಯಾಮೆರಾ ಎಂದು ನನ್ನ ತಿಳಿವಳಿಕೆ. ಅದನ್ನು ಅಂಗಿಯ ಚುಂಗಿನಿಂದ ಒರೆಸಿದೆ, ಊದಿದೆ, ಎರಡು ಸಲ ಮೆಲ್ಲಗೆ ತಟ್ಟಿದೆ. ಬೊಟ್ಟಿಗೆ ಮಾತ್ರ ಅಂಗಿ ತಾಗದಂತೆ ಎಚ್ಚರ ವಹಿಸಿದೆ. ಇಡೀ ದಿನ ಯಾವುದನ್ನೋ ಅಳಿಸಿ ಯಾವುದನ್ನೋ ಹಾಕಿದೆ. ಸಂಜೆ ಹೊತ್ತಿಗೆ ಲ್ಯಾಪ್‌ಟಾಪಿನ ಮಾತೆಲ್ಲ ಯಾವುದೋ ಹೊರದೇಶದ ಭಾಷೆಗೆ ತಿರುಗಿತ್ತು. ಅದನ್ನು ವಾಪಸ್ ಇಂಗ್ಲಿಷಿಗೆ ತರಲು ಅಕ್ಕನಿಗೆ ಒಂದು ಗಂಟೆ ಹಿಡಿಯಿತು.

“ನಂಗೆ ಅಭ್ಯಾಸ ಮಾಡಕ್ಕೆ ಇನ್ನೆರಡ್ ದಿನ ಅದೆ ಅಷ್ಟೇಯ,” ಎಂದಳು.

“ಕಂಪ್ನಿ ತಪ್ಪು ಕಣಕ್ಕ. ನಾಳೆ ಓಗಿ ಅವ್ನಿಗೆ ಚಳಿ ಬುಡುಸ್ಕೊಂಡ್ ಬತ್ತೀನಿ.”

ಬುಧವಾರ ಟವೆಲ್ ಸುತ್ತಿದ ಲ್ಯಾಪ್‌ಟಾಪನ್ನು ಹೊತ್ತು ಮಂಡ್ಯಕ್ಕೆ ಹೋದೆ. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ನನಗೆ ಬೇಕಾದ್ದೂ ಅದೇ. “ಸತ್ತೋದ್ ಕಂಪ್ನಿ ಎಸ್ರಲ್ಲಿ ಡಬ್ಬ ಮಾರ್ತೀರಾ? ಕಣ್ಣಿಲ್ದಿರೋ ಲ್ಯಾಪ್‌ಟಾಪ್ ಕೊಟ್ಟಿದ್ದೀರಲ್ರೀ!” ಎಂದು ಶುರುಮಾಡಿದೆ. ಅಂಗಡಿಯವನು ಸಮಾಧಾನವಾಗಿ ಕೈ ಚಾಚಿದ. “ಕೊಡಪ್ಪ ಇಲ್ಲಿ, ನೋಡವ.”

ಅವನ ಹೆಬ್ಬೆರಳು ನೇರ ಬೊಟ್ಟಿನ ಕಡೆಗೇ ಬರುತ್ತಿತ್ತು. ಆ ಕ್ಷಣ ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡೆ. “ಮುಟ್ಬೇಡಿ! ಪೂಜೆ ಆಗದೆ!”

ಅವನು ಕೈ ಹಿಂದಕ್ಕೆ ತೆಗೆದ. “ಮುಟ್ದೆ ನಾನೇನ್ ಮಂತ್ರ ಆಕ್ಲಾ? ನಾವು ಮಾರೋದಷ್ಟೇ ಕಣಪ್ಪ. ರಿಪೇರಿಗೆ ಕಂಪ್ನಿ ನಂಬರ್ ಅದೆ, ಮಾಡು.”

ಮಾಡಿದೆ. ಒಂದು ಹೆಣ್ಣು ದನಿ ಒಂದೊತ್ತಿ, ಎರಡೊತ್ತಿ ಎಂದು ಆಡಿಸಿ, ಕೊನೆಗೆ ನಮಗೆ ಹತ್ತಿರದ ಅಧಿಕೃತ ಸೇವಾ ಕೇಂದ್ರ ಮದ್ದೂರಿನಲ್ಲಿದೆ ಎಂದು ವಿಳಾಸ ಹೇಳಿತು. ಅಧಿಕೃತ ಎಂದ ಕೂಡಲೇ ನನ್ನ ಕಣ್ಣ ಮುಂದೆ ಗಾಜಿನ ಬಾಗಿಲು, ಏಸಿ, ಟೈ ಕಟ್ಟಿದ ಎಂಜಿನಿಯರು, ಅವರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತು ಬೈಯುವ ನಾನು, ಎಲ್ಲ ಬಂದುಹೋಯಿತು.

ಗುರುವಾರ ಬೆಳಿಗ್ಗೆ ಮದ್ದೂರಿನ ಒಂದು ಸಂದಿಯಲ್ಲಿ ಆ ವಿಳಾಸ ಸಿಕ್ಕಿತು. ಮಿಕ್ಸಿ ರಿಪೇರಿ ಅಂಗಡಿ. ಒಳಗೆ ನಾಲ್ಕೂ ಕಡೆ ಬಾಯಿ ತೆರೆದುಕೊಂಡ ಮಿಕ್ಸಿಗಳು, ಗ್ರೈಂಡರುಗಳು, ನಡುವೆ ಬನಿಯನ್ ಹಾಕಿದ ಒಬ್ಬ ಯಜಮಾನರು. ಬಾಗಿಲ ಮೇಲೆ ಮಾತ್ರ ತುಕ್ಕು ಹಿಡಿದ ಬೋರ್ಡು: ಅದೇ ಹೆಸರು, ಅದೇ ಕೆಂಪು ಗೆರೆ.

“ಟಿವಿ ಕಾಲ್ದಲ್ಲಿ ಕೊಟ್ಟಿದ್ ಬೋರ್ಡು ಕಣಪ್ಪ,” ಎಂದರು ಯಜಮಾನರು. “ತೆಗೆಯಕ್ಕೆ ಏಣಿ ಬೇಕು, ಅಂಗೇ ಬುಟ್ಟೆ. ಈಗ್ ನೋಡುದ್ರೆ ದಿನಾ ಒಬ್ರು ಲ್ಯಾಪ್‌ಟಾಪ್ ತಬ್ಕೊಂಡ್ ಬತ್ತಾರೆ. ಎಸ್ರು ತಕಂಡೋರು ಅಳೇ ರಿಪೇರಿ ಅಂಗ್ಡಿ ಪಟ್ಟೀನೂ ಜೊತ್ಗೇ ತಕಂಡವ್ರೆ. ನಂಗೊಂದ್ ಮಾತೂ ಕೇಳ್ನಿಲ್ಲ.”

ಕಂಪನಿಯನ್ನು ಬೈಯಲು ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲವೆಂದು ನಾನು ಟವೆಲ್ ಬಿಚ್ಚಿ ಕಥೆಯೆಲ್ಲ ಹೇಳಿದೆ. ಯಜಮಾನರು ಕನ್ನಡಕ ಏರಿಸಿದರು.

“ಎಲ್ಲದೆ ಕ್ಯಾಮ್ರಾ?”

“ಇಲ್ಲಿ,” ಎಂದು ಬಿಳಿ ಚುಕ್ಕೆ ತೋರಿಸಿದೆ.

“ಅದು ದೀಪ ಕಣಪ್ಪ. ಕ್ಯಾಮ್ರಾ ಕೆಲ್ಸ ಮಾಡ್ತಾ ಅದೆ ಅಂತ ಏಳಕ್ಕೆ ಇರೋದು.” ಅವರ ಬೆರಳು ಎಡದಿಂದ ಮೆಲ್ಲಗೆ ಬಂತು. “ಇದು ದೀಪ. ಇದು ಮೈಕಿನ ತೂತು. ಇದು...” ಬೆರಳು ನಿಂತಿತು. ಯಜಮಾನರು ನನ್ನ ಮುಖ ನೋಡಿದರು. “ಪೂಜೆ ಯಾರ್ ಮಾಡಿದ್ದು?”

“ನಾನೇಯ.”

ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಬೊಟ್ಟಿಗೆ ಒಂದು ಸಲ ಕೈಮುಗಿದು, “ಒರುಸ್ಲಾ?” ಎಂದು ಕೇಳಿದರು.

“ಅವ್ವ ಬಯ್ತಳೆ.”

“ಉದ್ರೋಯ್ತು ಅನ್ನು.”

ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ನೀರಲ್ಲಿ ಅದ್ದಿ, ಹಸುಗೂಸಿನ ಕಿವಿ ತೊಳೆಯುವ ಹಾಗೆ ತೊಳೆದರು. ಕತ್ತಲೆ ಹರಿಯಿತು. ಆ ಕ್ಯಾಮೆರಾ ಕಣ್ಣುಬಿಟ್ಟು ಈ ಲೋಕದಲ್ಲಿ ಮೊಟ್ಟಮೊದಲು ನೋಡಿದ್ದು ತೆರೆದೇ ಇದ್ದ ನನ್ನ ಬಾಯನ್ನು.

“ಜಾರಿನ್ ಮುಚ್ಚಳ ಆಕ್ದೆ ಮಿಕ್ಸಿ ಓಡ್ತಿಲ್ಲ ಅಂತ ತರೋರವ್ರೆ,” ಎಂದರು ಯಜಮಾನರು, ಇನ್ನೊಂದು ಮಿಕ್ಸಿ ಎತ್ತಿಕೊಳ್ಳುತ್ತಾ. “ಅವ್ರು ಬುದ್ವಂತ್ರು ಬುಡು.”

ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿ ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಪೊರಕೆ ಬರುತ್ತದೆಂದು ಬಾಗಿಲ ಹತ್ತಿರವೇ ನಿಂತಿದ್ದೆ. ಅವಳು ಬೈಯಲಿಲ್ಲ. ಗೋಡೆಯ ಗಡಿಯಾರ ನೋಡಿ, “ನಾಳೆ ಅನ್ನೊಂದಕ್ಕೆ ಕಣ್ಲಾ,” ಎಂದಳು, ಅಷ್ಟೇ. ಆ ದನಿ ಕೇಳಿ ನನಗೆ ಮೊದಲ ಸಲ ನಗು ಬರಲಿಲ್ಲ.

ಅಭ್ಯಾಸಕ್ಕೆ ಕೂತ ಮೇಲೆ ಇನ್ನೊಂದು ಗೊತ್ತಾಯಿತು. ಪೆಟ್ಟಿಗೆಯ ಮೇಲೆ ಎಂಟು ಗಂಟೆ ಎಂದು ಬರೆದಿದ್ದ ಬ್ಯಾಟರಿ, ಮುಖ ತೋರಿಸಿ ಮಾತಾಡಿದರೆ ಇಪ್ಪತ್ತೈದು ನಿಮಿಷಕ್ಕೆ ಮಲಗುತ್ತಿತ್ತು. ಚಾರ್ಜರಿನ ಪಿನ್ನು ತೂತಿನಲ್ಲಿ ಲೊಡಲೊಡ. ಕೆಳಗಿಂದ ಮೇಲಕ್ಕೆ ಸ್ವಲ್ಪ ಓರೆಯಾಗಿ ಒತ್ತಿ ಹಿಡಿದರೆ ಮಾತ್ರ ಕರೆಂಟು ಹತ್ತುತ್ತಿತ್ತು. ಅದು ಕಂಪನಿಯ ತಪ್ಪೋ, ನಾನು ಎರಡು ದಿನ ಗುಂಡಿ ರಸ್ತೆಯಲ್ಲಿ ಬೈಕಿನ ಮೇಲೆ ಕುಣಿಸಿದ್ದೋ, ದೇವರಿಗೇ ಗೊತ್ತು. ನಾನು ಕಂಪನಿಯದು ಎಂದೆ. ಅಭ್ಯಾಸವಾಗಿಹೋಗಿತ್ತು.

ರಬ್ಬರ್ ಬ್ಯಾಂಡು, ಬಟ್ಟೆ ಕ್ಲಿಪ್ಪು, ಗೋಧಿ ಹಿಟ್ಟಿನ ಮುದ್ದೆ ಎಲ್ಲ ನೋಡಿದೆವು. ಕೊನೆಗೆ ಉಳಿದದ್ದು ನನ್ನ ಕೈ.

ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಅವ್ವನ ಹೊಲಿಗೆ ಮಿಷನ್ನಿನ ಮೇಜಿನ ಮೇಲಿಟ್ಟೆವು. ಮನೆಯಲ್ಲಿ ಸರಿಯಾದ ಎತ್ತರದ್ದು ಅದೊಂದೇ. ಅದರ ಕೆಳಗೆ, ಕಾಲು ತುಳಿಯುವ ಕಬ್ಬಿಣದ ಹಲಗೆಗೂ ಚಕ್ರಕ್ಕೂ ನಡುವೆ ನನ್ನನ್ನು ಮಡಚಿ ಇಟ್ಟರು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಒಂದು ಕೈ ಮೇಜಿನ ಅಂಚಿನಿಂದ ಮೇಲಕ್ಕೆ ಹೋಗಿ, ಲ್ಯಾಪ್‌ಟಾಪಿನ ಪಕ್ಕದಲ್ಲಿ ಪಿನ್ನು ಒತ್ತಿ ಹಿಡಿದಿತ್ತು. ಅಲ್ಲಿಗೆ ಕ್ಯಾಮೆರಾದ ಕಣ್ಣು ಹೋಗುವುದಿಲ್ಲ. ಅಪ್ಪ ಬೀದಿಯಲ್ಲಿ ನಿಂತು ಕಬ್ಬಿನ ಟ್ರ್ಯಾಕ್ಟರುಗಳಿಗೆ ಹಾರನ್ ಮಾಡಬೇಡಿ ಎಂದು ಕೈಮುಗಿಯುವ ಕೆಲಸ ವಹಿಸಿಕೊಂಡರು. ಅವ್ವ ಕೋಳಿಗಳನ್ನು ಹಿತ್ತಲಿಗೆ ಅಟ್ಟಿದಳು.

“ಉಸ್ರು ಬುಡೋದು ಕೇಳುಸ್ಬಾರ್ದು,” ಎಂದಳು ಅಕ್ಕ ಕೆಳಗೆ ಬಗ್ಗಿ. “ಕೈ ಅಳ್ಳಾಡುಸ್ಬೇಡ. ಗೊತ್ತಾಯ್ತಾ?”

“ಗೊತ್ತಾಯ್ತು ಓಗಕ್ಕ.”

ಹನ್ನೊಂದಕ್ಕೆ ಮೇಲಿಂದ ಅವರ ದನಿಗಳು ಬಂದವು. ಮುಖ್ಯೋಪಾಧ್ಯಾಯಿನಿ ಒಬ್ಬರು, ಜೊತೆಗೆ ಮೂವರು. ನಮಸ್ಕಾರಗಳಾದವು. ಏಳನೇ ಕ್ಲಾಸಿನ ಮಕ್ಕಳು ಮುಂದೆ ಕೂತಿದ್ದಾರೆ ಎಂದುಕೊಂಡು ಪಾಠ ಮಾಡಿ ಎಂದರು. ಅಕ್ಕ ಶುರುಮಾಡಿದಳು. ವಿಷಯ ಭಿನ್ನರಾಶಿ.

ನಾನು ಅದುವರೆಗೆ ಅಕ್ಕ ಪಾಠ ಮಾಡುವುದನ್ನು ಕೇಳಿರಲಿಲ್ಲ. ಮನೆಯಲ್ಲಿ ನಾನು ಕಂಡ ಅಕ್ಕ ಬೇರೆ. ಇವಳ ದನಿಯಲ್ಲಿ ಅವಸರವೇ ಇರಲಿಲ್ಲ. ಸ್ಕ್ರೀನಿನ ಮೇಲೆ ಒಂದು ಬೆಲ್ಲದ ಅಚ್ಚು ಬರೆದಳು ಎಂದು ಕೇಳಿಸಿಕೊಂಡೇ ಗೊತ್ತಾಗುತ್ತಿತ್ತು. ಈಗಷ್ಟೇ ಆಲೆಮನೆಯಿಂದ ಬಂದದ್ದು, ಇನ್ನೂ ಬೆಚ್ಚಗಿದೆ, ಕೈಗೆ ಅಂಟುತ್ತದೆ ಎಂದಳು. ಮೇಜಿನ ಕೆಳಗಿದ್ದ ನನಗೆ ಬಾಯಲ್ಲಿ ನೀರೂರಿತು. ಕೈ ಜೋಮು ಹಿಡಿದದ್ದು, ಇರುವೆಯೊಂದು ಪಾದ ಹತ್ತುತ್ತಿದ್ದದ್ದು, ಎಲ್ಲ ಮರೆತುಹೋಯಿತು. ಯಾವಾಗ ಎಂದು ನೆನಪಿಲ್ಲ, ನಾನು ಏಳನೇ ಕ್ಲಾಸಿನಲ್ಲಿ ಕೂತುಬಿಟ್ಟಿದ್ದೆ.

“ಈ ಅಚ್ಚಲ್ಲಿ ಅರ್ಧ ಅಣ್ಣನಿಗೆ ಕೊಟ್ಟೆ,” ಎಂದಳು ಅಕ್ಕ. “ಉಳಿದದ್ದರಲ್ಲಿ ಅರ್ಧ ತಂಗಿಗೆ ಕೊಟ್ಟೆ. ಈಗ ನನ್ನ ಕೈಯಲ್ಲಿ ಎಷ್ಟು ಉಳೀತು? ಯಾರು ಹೇಳ್ತೀರಿ?”

“ಏನೂ ಉಳಿಯಾಕಿಲ್ಲ!” ಎಂದೆ ನಾನು.

ಮನಸ್ಸಿನಲ್ಲಿ ಅಲ್ಲ. ಗಟ್ಟಿಯಾಗಿ, ಬೆಂಚಿನ ಮೇಲೆ ಎದ್ದು ನಿಂತವನ ಉತ್ಸಾಹದಲ್ಲಿ. ಬಿ.ಕಾಂ. ಪಾಸಾದವನ ಗಂಟಲಿಂದ ಬಂದ ಮಾತು ಹೊಲಿಗೆ ಮಿಷ‌ನ್ನಿನ ಕಬ್ಬಿಣಕ್ಕೆ ಬಡಿದು ಠಣ್ಣೆಂದಿತು.

ಮೇಲೆ ಫ್ಯಾನಿನ ಏದುಸಿರೊಂದೇ.  ಈಗ ಪಿನ್ನು ಬಿಟ್ಟು ಎಲ್ಲ ಕತ್ತಲಾದರೆ ಒಳ್ಳೆಯದೇ ಎಂದೂ ಅನ್ನಿಸಿತು.

“ಹಿಂದಿನ ಬೆಂಚಿಂದ ಒಂದು ಉತ್ತರ ಬಂತು,” ಎಂದಳು ಅಕ್ಕ. ದನಿ ಕೂದಲೆಳೆಯಷ್ಟೂ ಅಲುಗಲಿಲ್ಲ. “ಏನೂ ಉಳಿಯಲ್ಲ ಅಂತ. ಯಾಕೆ ಹಾಗೆ ಅನ್ನಿಸ್ತು ಗೊತ್ತಾ? ಅರ್ಧಕ್ಕೆ ಅರ್ಧ ಸೇರಿದ್ರೆ ಪೂರ್ತಿ ತಾನೆ, ಅದಕ್ಕೆ. ಅವನು ಕೂಡಿದ್ದು ಸರಿಯಾಗೇ ಇದೆ. ಆದ್ರೆ ಎರಡನೇ ಅರ್ಧ ಯಾವುದರ ಅರ್ಧ? ಇಡೀ ಅಚ್ಚಿನದಾ, ಉಳಿದ ತುಂಡಿನದಾ? ಬನ್ನಿ, ಕತ್ತರಿಸಿ ನೋಡೋಣ.”

ಕತ್ತರಿಸಿದಳು. ಮೇಜಿನ ಮೇಲೆ ಆ ದನಿ ಬೆಲ್ಲ. ಮೇಜಿನ ಕೆಳಗೆ ಅದೇ ಹೊತ್ತಿನಲ್ಲಿ ಅವಳ ಹಿಮ್ಮಡಿ ನನ್ನ ಪಕ್ಕೆಲುಬಿಗೆ ಬಿತ್ತು, ಒಂದಲ್ಲ, ಎರಡು ಸಲ. “ಹಿಂದಿನ ಬೆಂಚು, ಈಗ ಹೇಳಿ, ಎಷ್ಟು ಉಳೀತು?” ಎಂದು ಮತ್ತೆ ಕೇಳಿದಳು. ಹೇಳಬೇಕೋ ಬೇಡವೋ ತಿಳಿಯದೆ ನಾನು ಸಣ್ಣದಾಗಿ, “ಕಾಲು ಭಾಗ ಮಿಸ್,” ಎಂದೆ.

“ಗುಡ್. ಕೂತ್ಕೊಳ್ಳಿ.”

ನಲವತ್ತು ನಿಮಿಷ ಮುಗಿಯಿತು. ಆ ಕಡೆಯವರು ಎರಡು ಪ್ರಶ್ನೆ ಕೇಳಿ, ತಿಳಿಸುತ್ತೇವೆ ಎಂದರು. ಲ್ಯಾಪ್‌ಟಾಪು ಮುಚ್ಚುವಾಗ ಎಂದಿನಂತೆ ಇಡೀ ಮೈಯೇ ಎದ್ದು ಬಂತು, ಅಕ್ಕ ಅದನ್ನು ಬಡಿದು ಮುಚ್ಚಿದಳು. ನಾನು ಮಿಷನ್ನಿನ ಕೆಳಗಿಂದ ತೆವಳಿ ಹೊರಗೆ ಬಂದು ನಿಲ್ಲಲಾಗದೆ ಅಲ್ಲೇ ಕೂತೆ.

“ನಾಕ್ ಜನಾನೂ ಕೇಳುಸ್ಕೊಂಡ್ರು ಕಣ್ಲಾ,” ಎಂದಳು. ಹಿತ್ತಲಿಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ತಿರುಗಿ ಹರಡಿಕೊಂಡು ತೊಳೆಯಲು ಕೂತಳು. ನಾನೇ ಶಾಲೆಗೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. “ನೀನು ಇನ್ನೇನೂ ಮಾಡ್ಬೇಡ. ಕೈ ಮುಗೀತೀನಿ,” ಎಂದಳು. ಬೂದಿ ಮೆತ್ತಿದ ಕೈಯನ್ನು ನಿಜವಾಗಿಯೂ ಮುಗಿದಳು.

ಅಲ್ಲಿಂದ ಎಂಟು ದಿನ ನಾನು ಕಟ್ಟೆಗೂ ಹೋಗಲಿಲ್ಲ. ಕಂಪನಿಯ ಬಗ್ಗೆ ಯಾರಾದರೂ ಕೇಳಿದರೆ, “ಒಳ್ಳೇ ಕಂಪ್ನಿ ಕಣ್ರಪ್ಪಾ,” ಎನ್ನುತ್ತಿದ್ದೆ. ಅಪ್ಪನೊಬ್ಬರೇ ಅದನ್ನು ನಂಬಿದವರು.

ಒಂಬತ್ತನೇ ದಿನ ಫೋನು ಬಂತು. ಅಕ್ಕ ಹಿತ್ತಲಲ್ಲಿ ನಿಂತು “ಹ್ಞೂಂ ಮೇಡಂ, ಸರಿ ಮೇಡಂ,” ಎಂದಳು. ಫೋನಿಟ್ಟು ಕೋಳಿಗೂಡಿನ ಮೇಲೆ ಕೂತುಬಿಟ್ಟಳು. ಏಳನೇ ಕ್ಲಾಸು, ಜೂನಿಂದ. ಅವ್ವ ಓಡಿಬಂದು ತಬ್ಬಿಕೊಂಡಳು. ನಾನೂ ಹತ್ತಿರ ಹೋದೆ. ಅಕ್ಕ ನನ್ನ ಕಡೆ ಒಂದು ಸಲ ನೋಡಿ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಜೂನ್ ಮೊದಲ ವಾರ ಅವಳ ಟ್ರಂಕು, ಹಾಸಿಗೆ ಸುರುಳಿ ಹೊತ್ತು ಮಳವಳ್ಳಿ ಬಸ್ಸು ಹತ್ತಿದೆ. ಶಾಲೆಯ ಜಗಲಿಯ ಮೇಲೆ ಎಲ್ಲ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದೆ. ಅಕ್ಕ ಆಗಲೇ ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿನ ಕಡೆ ಹೊರಟಿದ್ದಳು. ಮುಖ್ಯೋಪಾಧ್ಯಾಯಿನಿ ಹೊರಗೆ ಬಂದರು. ಬಿಳಿ ಕೂದಲು, ಕೈಯಲ್ಲಿ ಸೀಮೆಸುಣ್ಣದ ಡಬ್ಬಿ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀವು ತಮ್ಮನಾ?”

“ಹೌದು ಮೇಡಂ.”

“ಬೆಲ್ಲ ಏನೂ ಉಳಿಯಲ್ಲ ಅಂದಿದ್ದು ನೀವೇ ತಾನೆ?”

ಟ್ರಂಕಿನ ಹಿಂದೆ ಅಡಗಲು ಜಾಗ ಇರಲಿಲ್ಲ. “ತಪ್ಪಾಯ್ತು ಮೇಡಂ. ಅಕ್ಕಂದೇನೂ ತಪ್ಪಿಲ್ಲ, ಬಾಯಿ ತಪ್ಪಿ ನಾನೇ...”

ಅವರು ಕೈಯೆತ್ತಿ ನನ್ನ ಮಾತು ನಿಲ್ಲಿಸಿದರು.

“ಆರು ಜನ ಚೆನ್ನಾಗೇ ಪಾಠ ಮಾಡಿದ್ರಪ್ಪ. ಐದು ಜನ ಖಾಲಿ ರೂಮಿಗೆ ಮಾಡಿದ್ರು. ನಿಮ್ಮಕ್ಕನ ಕ್ಲಾಸಲ್ಲಿ ಮಾತ್ರ ಒಬ್ಬ ದಡ್ಡ ಇದ್ದ. ಅವನನ್ನ ಏನು ಮಾಡ್ತಾಳೆ ಅಂತ ನೋಡ್ಬೇಕಾಗಿತ್ತು ನಮಗೆ.”